12 ಸೆಕೆಂಡಿನ ದನಿ ಯಾರದ್ದು?

ಶನಿವಾರ ರಾತ್ರಿ ಹನ್ನೊಂದು ಗಂಟೆಗೆ ಗೆಳೆಯನ ಮೆಸೇಜ್ ಬಂತು. ಅವನು ಸಣ್ಣ ಕಂಪನಿಗಳಿಗೆ ಜಾಹೀರಾತು ವಿಡಿಯೊ ಮಾಡಿಕೊಡುವವನು. ‘ನೀನು ಕಳಿಸಿದ ಆ ರಾಗಿ ಟ್ರ್ಯಾಕ್ ಇದೆಯಲ್ಲ, ನಮ್ಮ ಬಿಸ್ಕತ್ತಿನ ಕ್ಲೈಂಟಿಗೆ ಸಖತ್ ಇಷ್ಟ ಆಗಿದೆ. 15 ಸಾವಿರ ಕೊಡ್ತಾರಂತೆ. ಹಕ್ಕೆಲ್ಲ ನಿಂದೇ ತಾನೇ?’

‘ಹೌದು ಕಣೋ, ನಂದೇ’ ಅಂತ ಟೈಪ್ ಮಾಡಿದೆ. ಆದರೆ ಸೆಂಡ್ ಒತ್ತೋಕೆ ಬೆರಳು ಬರಲಿಲ್ಲ. ಯಾಕಂದ್ರೆ ಆ ಟ್ರ್ಯಾಕಿನಲ್ಲಿ ಜನರಿಗೆ ಇಷ್ಟ ಆಗ್ತಿದ್ದದ್ದು ನಾನು ಮಾಡಿದ ಭಾಗ ಅಲ್ಲ. ನಮ್ಮ ಚಿಕ್ಕಜ್ಜಿಯ ದನಿ.

ಮೊದಲಿಂದ ಹೇಳ್ತೀನಿ.

ಆರು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಮಿಡಿ ಕೀಬೋರ್ಡ್ ಒಂದನ್ನು ಕೊಂಡುಕೊಂಡೆ. 25 ಕೀಲಿಗಳದ್ದು, ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಹಿಡಿಸುವಂಥದ್ದು. ಮನೆಗೆ ತಂದು ಒತ್ತಿದರೆ ಶಬ್ದವೇ ಇಲ್ಲ! ಕೆಟ್ಟಿದೆ ಅಂದುಕೊಂಡು ಮಾರಿದವನಿಗೆ ಫೋನ್ ಮಾಡಿ ನಗೆಪಾಟಲಾದೆ. ಮಿಡಿ ಕೀಬೋರ್ಡ್ ತಾನಾಗಿ ಶಬ್ದ ಮಾಡೋದಿಲ್ಲ. ಯಾವ ಕೀಲಿ, ಎಷ್ಟು ಜೋರಾಗಿ ಒತ್ತಿದ್ರಿ, ಯಾವಾಗ ಬಿಟ್ರಿ, ಇಷ್ಟನ್ನೇ ಅದು ಕಂಪ್ಯೂಟರಿಗೆ ಹೇಳೋದು. ಶಬ್ದ ಹುಟ್ಟಿಸೋದು ಸಾಫ್ಟ್‌ವೇರ್. ಅಲ್ಲಿಂದ ಶುರುವಾಯ್ತು ನನ್ನ ಸಿಂಥೆಸಿಸ್ ಪಾಠ.

ಶಬ್ದ ಅಂದ್ರೆ ಗಾಳಿಯ ಕಂಪನ, ಇದು ಸ್ಕೂಲಿನಲ್ಲೇ ಓದಿದ್ದೇವೆ. ಸೆಕೆಂಡಿಗೆ 220 ಸಲ ಕಂಪಿಸಿದರೆ ಒಂದು ಸ್ವರ, 440 ಸಲ ಕಂಪಿಸಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ. ಹಾಗಾದ್ರೆ ಒಂದೇ ಶ್ರುತಿಯಲ್ಲಿ ನುಡಿಸಿದ ವೀಣೆ ಮತ್ತು ಕೊಳಲು ಬೇರೆ ಬೇರೆ ಅಂತ ಕಿವಿಗೆ ಹೇಗೆ ಗೊತ್ತಾಗುತ್ತೆ? ಉತ್ತರ ಹಾರ್ಮೋನಿಕ್ಸ್‌ನಲ್ಲಿದೆ. 220ರ ಸ್ವರ ನುಡಿಸಿದಾಗ ಅದರ ಜೊತೆಗೇ 440, 660, 880 ಹೀಗೆ ಅದರ ಗುಣಕಗಳೂ ಸಣ್ಣದಾಗಿ ಕೇಳ್ತಾ ಇರುತ್ತವೆ. ಯಾವುದು ಎಷ್ಟು ಅನ್ನೋದು ವಾದ್ಯದಿಂದ ವಾದ್ಯಕ್ಕೆ ಬೇರೆ.

ಸಿಂಥಸೈಜರ್‌ನಲ್ಲಿ ಈ ಬೆರಕೆ ನಮ್ಮ ಕೈಯಲ್ಲಿರುತ್ತೆ. ಶಬ್ದ ಹುಟ್ಟಿಸೋ ಭಾಗದ ಹೆಸರು ಆಸಿಲೇಟರ್. ಸೈನ್ ಅಲೆ ಆರಿಸಿದರೆ ಒಂದೇ ಒಂದು ಆವರ್ತನ, ಬೇರೆ ಏನೂ ಇಲ್ಲ. ನಯವಾದ ಶಿಳ್ಳೆ ಥರ. ಗರಗಸದ ಹಲ್ಲಿನ ಆಕಾರದ ಸಾಟೂತ್ ಅಲೆಯಲ್ಲಿ ಎಲ್ಲ ಗುಣಕಗಳೂ ಇರುತ್ತವೆ, ಹಾಗಾಗಿ ಅದು ಗರಗರ ಅನ್ನುತ್ತೆ. ಚೌಕದ ಆಕಾರದ ಸ್ಕ್ವೇರ್ ಅಲೆಯಲ್ಲಿ 660, 1,100 ಹೀಗೆ ಬೆಸ ಗುಣಕಗಳು ಮಾತ್ರ. ಕೇಳಿದರೆ ಹಳೇ ವಿಡಿಯೊ ಗೇಮ್ ನೆನಪಾಗುತ್ತೆ.

ಎರಡನೇ ಭಾಗ ಫಿಲ್ಟರ್. ಇದನ್ನ ಜರಡಿ ಅಂದುಕೊಳ್ಳಿ. ಲೋ-ಪಾಸ್ ಫಿಲ್ಟರ್ ತಗ್ಗಿನ ಆವರ್ತನಗಳನ್ನ ಬಿಟ್ಟು ಮೇಲಿನವನ್ನ ತಡೆಯುತ್ತೆ. ಮೊದಲು ಹಾರ್ಮೋನಿಕ್ಸ್ ತುಂಬಿದ ಒರಟು ಶಬ್ದ ತಗೊಂಡು, ಬೇಡದ್ದನ್ನ ಜರಡಿ ಹಿಡಿದು ತೆಗೀತಾ ಹೋಗೋದಕ್ಕೇ ಸಬ್‌ಟ್ರಾಕ್ಟಿವ್ ಸಿಂಥೆಸಿಸ್ ಅನ್ನೋದು.

ಮೂರನೆಯದು ಎನ್ವಲಪ್. ಶಬ್ದ ಹೇಗೆ ಹುಟ್ಟಿ ಹೇಗೆ ಸಾಯಬೇಕು ಅನ್ನೋದರ ನಕ್ಷೆ. ಇದಕ್ಕೆ ನಾಲ್ಕು ಗುಂಡಿ: ಏರೋಕೆ ಎಷ್ಟು ಹೊತ್ತು (ಅಟ್ಯಾಕ್), ತುದಿಯಿಂದ ಇಳಿಯೋಕೆ ಎಷ್ಟು ಹೊತ್ತು (ಡಿಕೇ), ಕೀಲಿ ಒತ್ತಿಹಿಡಿದಷ್ಟು ಹೊತ್ತು ಯಾವ ಮಟ್ಟದಲ್ಲಿ ನಿಲ್ಲಬೇಕು (ಸಸ್ಟೇನ್), ಬಿಟ್ಟ ಮೇಲೆ ಎಷ್ಟು ಹೊತ್ತಿಗೆ ಮಾಯವಾಗಬೇಕು (ರಿಲೀಸ್). ದೇವಸ್ಥಾನದ ಗಂಟೆ ಹೊಡೆದ ತಕ್ಷಣ ಏರುತ್ತೆ, ನಿಧಾನಕ್ಕೆ ಸಾಯುತ್ತೆ. ಕೊಳಲು ಉಸಿರಿನ ಜೊತೆ ನಿಧಾನಕ್ಕೆ ಏರುತ್ತೆ. ಈ ನಾಲ್ಕು ಗುಂಡಿ ತಿರುಗಿಸಿದರೆ ಒಂದೇ ಅಲೆಯಿಂದ ಎರಡರ ಸ್ವಭಾವವನ್ನೂ ತರಬಹುದು.

ಇದೇನು ಹೊಸ ವಿದ್ಯೆ ಅಲ್ಲ. ಅಮೆರಿಕದ ರಾಬರ್ಟ್ ಮೂಗ್ ತನ್ನ ಮೊದಲ ಸಿಂಥಸೈಜರನ್ನ ಜನರಿಗೆ ತೋರಿಸಿದ್ದು 1964ರಲ್ಲಿ. ಐದೇ ವರ್ಷಕ್ಕೆ, 1969ರಲ್ಲಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಒಂದು ಮೂಗ್ ಬಂದಿತ್ತು. 1982ರಲ್ಲಿ ಮುಂಬೈನ ಚರಣ್‌ಜಿತ್ ಸಿಂಗ್ ರಾಗಗಳನ್ನ ಡಿಸ್ಕೊ ಬೀಟಿಗೆ ಕೂರಿಸಿ, ಪೂರ್ತಿ ಸಿಂಥ್‌ನಲ್ಲೇ ಒಂದು ಆಲ್ಬಮ್ ಮಾಡಿದ್ದರು. ಆಗ ಲಕ್ಷಗಟ್ಟಲೆ ಬೆಲೆಯ ಯಂತ್ರಗಳಲ್ಲಿ ಇದ್ದದ್ದು ಈಗ ಸರ್ಜ್, ವೈಟಲ್ ಥರದ ಉಚಿತ ಸಾಫ್ಟ್‌ವೇರ್‌ಗಳಲ್ಲೇ ಸಿಗುತ್ತೆ. ಏಬಲ್ಟನ್ ಕಂಪನಿಯ ಲರ್ನಿಂಗ್ ಸಿಂಥ್ಸ್ ಅನ್ನೋ ವೆಬ್‌ಸೈಟ್‌ನಲ್ಲಿ ಬ್ರೌಸರ್‌ನಲ್ಲೇ ಗುಂಡಿ ತಿರುಗಿಸಿ ಕಲಿಯಬಹುದು. ನಾನು ಕಲಿತದ್ದೂ ಹಾಗೇ.

ನನ್ನ ಮೊದಲ ಪ್ರಾಜೆಕ್ಟ್ ರಾಗಿ ಕಲ್ಲು. ಚಿಕ್ಕಂದಿನಲ್ಲಿ ಊರಿಗೆ ಹೋದಾಗ ಬೆಳಗ್ಗೆ ಎಬ್ಬಿಸ್ತಿದ್ದ ಶಬ್ದ ಅದು. ವೈಟ್ ನಾಯ್ಸ್ ತಗೊಂಡೆ. ಹಳೇ ಟೀವಿಯಲ್ಲಿ ಚಾನೆಲ್ ಸಿಗದಿದ್ದಾಗ ಶ್ಶ್ ಅಂತ ಬರ್ತಿತ್ತಲ್ಲ, ಅದು. ಲೋ-ಪಾಸ್ ಫಿಲ್ಟರ್ ಹಾಕಿ ಮೇಲಿನ ಶ್ಶ್ ತೆಗೆದೆ, ಗುರ್ ಅನ್ನೋದು ಉಳೀತು. ಫಿಲ್ಟರಿನ ಗುಂಡಿಯನ್ನ ತಾನಾಗೇ ಹಿಂದೆ ಮುಂದೆ ತಿರುಗಿಸೋಕೆ ಎಲ್‌ಎಫ್‌ಒ ಅನ್ನೋ ನಿಧಾನದ ಅಲೆ ಜೋಡಿಸಿದೆ. ಎರಡು ಬೀಟಿಗೆ ಒಂದು ಸುತ್ತು. ಕಣ್ಣು ಮುಚ್ಚಿ ಕೇಳಿದರೆ ಕಲ್ಲು ತಿರುಗ್ತಾ ಇದೆ! ಅವತ್ತಿನ ಖುಷಿಗೆ ರಾತ್ರಿ ನಿದ್ದೆ ಬರಲಿಲ್ಲ.

ಕಲ್ಲು ಆಯ್ತು, ಪದ ಬೇಕಲ್ಲ? ಎರಡು ವರ್ಷದ ಹಿಂದೆ ಅರಸೀಕೆರೆ ಹತ್ತಿರದ ನಮ್ಮೂರಲ್ಲಿ, ನಮ್ಮಜ್ಜಿಯ ತಂಗಿ ರಾಗಿ ಬೀಸೋ ಪದ ಹೇಳ್ತಿದ್ದಾಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ‘ಯಾಕ್ಲಾ ಮಗ?’ ಅಂದಿದ್ದಳು. ‘ನೆನಪಿಗೆ ಇರ್ಲಿ ಚಿಕ್ಕಜ್ಜಿ’ ಅಂದಿದ್ದೆ.

ಇಲ್ಲಿ ಸ್ಯಾಂಪ್ಲಿಂಗ್ ಬರುತ್ತೆ. ಈ ಪದಕ್ಕೆ ಎರಡು ಅರ್ಥ. ಎಂಜಿನಿಯರಿಗೆ ಅದು ಅಳತೆ. ಸಿ.ಡಿ. ಗುಣಮಟ್ಟದಲ್ಲಿ ಶಬ್ದದ ಅಲೆಯನ್ನ ಸೆಕೆಂಡಿಗೆ 44,100 ಸಲ ಅಳೆದು ನಂಬರ್ ಬರೆದಿಡ್ತಾರೆ. ಮನುಷ್ಯನ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಜ್ ತನಕ ಕೇಳುತ್ತೆ, ಅದನ್ನ ಸರಿಯಾಗಿ ಹಿಡಿಯೋಕೆ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೀಬೇಕು ಅನ್ನೋದು ಲೆಕ್ಕ. ಸಂಗೀತದವರಿಗೆ ಸ್ಯಾಂಪ್ಲಿಂಗ್ ಅಂದ್ರೆ ಇನ್ನೊಂದು ರೆಕಾರ್ಡಿಂಗಿನ ತುಣುಕು ಕತ್ತರಿಸಿ ತಮ್ಮ ಹಾಡಲ್ಲಿ ಸೇರಿಸಿಕೊಳ್ಳೋದು.

ನಾನು ಕತ್ತರಿಸಿದ್ದು 12 ಸೆಕೆಂಡ್. 80ರ ವೇಗದ ಬೀಟಿಗೆ ಸರಿಯಾಗಿ ನಾಲ್ಕು ಬಾರ್. (ಆ ಬಾರ್ ಅಲ್ಲ, ನಾಲ್ಕು ಬೀಟಿನ ಒಂದು ಅಳತೆಗೆ ಬಾರ್ ಅಂತಾರೆ.) ಲೆಕ್ಕ ಹಾಕಿದರೆ 5,29,200 ನಂಬರ್. ಲೂಪ್ ಮಾಡಿದೆ, ಕೆಳಗೆ ಬೇಸ್ ಹಾಕಿದೆ, ಗೆಳೆಯರಿಗೆ ಕಳಿಸಿದೆ. ಫೈಲಿನ ಹೆಸರು ‘ವೋಕಲ್ ಲೂಪ್ ಫೈನಲ್ 2’.

ಕಂಪ್ಯೂಟರಿಗೆ ನಾನು ಹುಟ್ಟಿಸಿದ ಸೈನ್ ಅಲೆಗೂ ಚಿಕ್ಕಜ್ಜಿಯ ಗಂಟಲಿಗೂ ಏನೂ ವ್ಯತ್ಯಾಸ ಇಲ್ಲ. ಎರಡೂ ನಂಬರುಗಳ ಸಾಲು. ಎರಡನ್ನೂ ಎಳೀಬಹುದು, ಕುಗ್ಗಿಸಬಹುದು, ಹಿಂದು ಮುಂದು ಮಾಡಬಹುದು. ತಿಂಗಳುಗಟ್ಟಲೆ ಪರದೆ ಮುಂದೆ ಕೂತು ನನಗೂ ಹಾಗೇ ಆಗಿಬಿಟ್ಟಿತ್ತು. ‘ಹಕ್ಕೆಲ್ಲ ನಿಂದೇ ತಾನೇ?’ ಅಂತ ಕೇಳೋ ತನಕ ಆ ದನಿಯ ಹಿಂದೆ ಒಬ್ಬಳು ಇದ್ದಾಳೆ ಅನ್ನೋದೇ ಮರೆತಿದ್ದೆ.

ಆ ರಾತ್ರಿ ಓದ್ತಾ ಕೂತೆ. ಎನಿಗ್ಮಾದ ‘ರಿಟರ್ನ್ ಟು ಇನೊಸೆನ್ಸ್’ ನೀವು ಕೇಳಿರಬಹುದು. 1990ರ ದಶಕದ ದೊಡ್ಡ ಹಿಟ್. ಅದರ ಶುರುವಿನಲ್ಲೇ ಮೈ ಜುಮ್ ಅನ್ನಿಸೋ ಒಂದು ಮುದುಕನ ದನಿ ಬರುತ್ತಲ್ಲ, ಅವರ ಹೆಸರು ಡಿಫಾಂಗ್. ತೈವಾನಿನ ಅಮಿಸ್ ಬುಡಕಟ್ಟಿನವರು. 1988ರಲ್ಲಿ ಯುರೋಪಿಗೆ ಹಾಡೋಕೆ ಹೋಗಿದ್ದಾಗ ಫ್ರಾನ್ಸಿನ ಸಾಂಸ್ಕೃತಿಕ ಸಂಸ್ಥೆಯೊಂದು ಅವರ ತಂಡದ ಹಾಡು ಮುದ್ರಿಸಿಕೊಂಡಿತ್ತು. ಆ ಮುದ್ರಣದ ತುಣುಕು ಹಿಟ್ ಹಾಡಿಗೆ ಬಂತು, ಅವರ ಹೆಸರು ಬರಲಿಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಪ್ರಚಾರಕ್ಕೂ ಆ ಹಾಡು ಬಳಕೆಯಾಯ್ತು. ಡಿಫಾಂಗ್ ದಂಪತಿ 1998ರಲ್ಲಿ ಕೋರ್ಟಿಗೆ ಹೋದರು, 1999ರಲ್ಲಿ ಕೋರ್ಟಿನ ಹೊರಗೆ ರಾಜಿಯಾಯ್ತು. ಆ ಹಾಡಿನ ಹಕ್ಕು ಯಾರದ್ದೂ ಅಲ್ಲ ಅಂದುಕೊಂಡಿದ್ದೆ ಅನ್ನೋದು ಸಂಗೀತ ನಿರ್ದೇಶಕರ ಸಮಜಾಯಿಷಿ.

ಇನ್ನೊಂದು ಕಥೆ ಜೋಗುಳದ್ದು. ಸೊಲೊಮನ್ ದ್ವೀಪದಲ್ಲಿ ಅಫುನಕ್ವಾ ಅನ್ನೋ ಹೆಂಗಸು ಹಾಡಿದ ಜೋಗುಳವನ್ನ 1970ರ ಸುಮಾರಿಗೆ ಸಂಗೀತ ಸಂಶೋಧಕ ಹ್ಯೂಗೊ ಝೆಂಪ್ ಮುದ್ರಿಸಿದ್ದರು. ಅಳುವ ಅನಾಥ ಮಗುವನ್ನ ಸಮಾಧಾನ ಮಾಡೋ ಹಾಡು. ಇಪ್ಪತ್ತು ವರ್ಷ ಕಳೆದ ಮೇಲೆ ಡೀಪ್ ಫಾರೆಸ್ಟ್ ಅನ್ನೋ ಫ್ರೆಂಚ್ ತಂಡ ಅದಕ್ಕೆ ಬೀಟ್ ಹಾಕಿ ‘ಸ್ವೀಟ್ ಲಲ್ಲಬೈ’ ಮಾಡಿ ಜಗತ್ತಿಗೆಲ್ಲ ಮಾರಿತು. ಆ ಆಲ್ಬಮ್ ಕೇಳಿದ ಎಷ್ಟೋ ಜನ ಅದನ್ನ ಆಫ್ರಿಕಾದ ಕಾಡಿನ ಹಾಡು ಅಂತಲೇ ತಿಳಿದಿದ್ದರು. ದನಿ ಊರೂರು ಸುತ್ತಿತು, ದನಿಯವಳ ಊರು ಹೆಸರು ಎರಡೂ ಕಳೆದುಹೋದವು.

ಕಾನೂನು ಏನು ಹೇಳುತ್ತೆ? ‘ಏಳು ಸೆಕೆಂಡ್ ತನಕ ಫ್ರೀ’ ಅಂತ ನಮ್ಮ ಆಫೀಸಿನ ಗಿಟಾರ್ ಗ್ಯಾಂಗ್ ಯಾವಾಗಲೂ ಹೇಳುತ್ತೆ. ಅಂಥ ನಿಯಮ ಎಲ್ಲೂ ಇಲ್ಲ. ಅಮೆರಿಕದಲ್ಲಿ 2005ರಲ್ಲಿ ಒಂದು ಕೋರ್ಟು ಎರಡು ಸೆಕೆಂಡಿನ ಗಿಟಾರ್ ತುಣುಕಿಗೂ ಲೈಸೆನ್ಸ್ ಬೇಕು ಅಂದಿತು. 2016ರಲ್ಲಿ ಇನ್ನೊಂದು ಕೋರ್ಟು, ಮಡೋನಾ ಹಾಡಿನಲ್ಲಿದ್ದ 0.23 ಸೆಕೆಂಡಿನ ಹಾರ್ನ್ ಶಬ್ದ ಗಮನಕ್ಕೇ ಬಾರದಷ್ಟು ಸಣ್ಣದು, ತಪ್ಪಿಲ್ಲ ಅಂದಿತು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲೂ ಸೆಕೆಂಡಿನ ಲೆಕ್ಕ ಇಲ್ಲ.

ಆದರೆ ನನ್ನನ್ನ ನಿಜಕ್ಕೂ ತಡೆದು ನಿಲ್ಲಿಸಿದ್ದು ಬೇರೆ. ನಮ್ಮ ಕಾಯ್ದೆ ಪ್ರಕಾರ ಧ್ವನಿಮುದ್ರಣದ ಹಕ್ಕು ಮುದ್ರಿಸೋ ಕೆಲಸವನ್ನ ಹೊತ್ತುಕೊಂಡವನದ್ದು, 60 ವರ್ಷದ ತನಕ. ಪದ ಜನಪದ, ಬರೆದವರು ಯಾರೂ ಇಲ್ಲ. ಅಂದ್ರೆ ಕೆಂಪು ಬಟನ್ ಒತ್ತಿದ ನಾನೇ ಮಾಲೀಕ! ಗೆಳೆಯನಿಗೆ ‘ಹೌದು’ ಅನ್ನೋಕೆ ಇಷ್ಟು ಸಾಕಿತ್ತು. ಆದರೆ ಕಾಯ್ದೆ ಅಲ್ಲಿಗೇ ನಿಲ್ಲೋದಿಲ್ಲ. ಹಾಡಿದವರಿಗೂ 50 ವರ್ಷದ ಹಕ್ಕಿದೆ, ಅವರ ಒಪ್ಪಿಗೆ ಬೇಕು. 2012ರ ತಿದ್ದುಪಡಿ ಇನ್ನೂ ಎರಡನ್ನ ಸೇರಿಸಿದೆ: ಹಾಡಿದ್ದು ತಾನು ಅಂತ ಹೆಸರು ಹೇಳಿಸಿಕೊಳ್ಳೋ ಹಕ್ಕು, ಮರ್ಯಾದೆಗೆ ಕುಂದು ಬರೋ ಹಾಗೆ ತಿರುಚಿದರೆ ಬೇಡ ಅನ್ನೋ ಹಕ್ಕು. ನಾನು ಕೇಳಿದ್ದು ನೆನಪಿಗೆ. ಬಿಸ್ಕತ್ತಿಗೆ ಅಲ್ಲ.

ಭಾನುವಾರ ಬೆಳಗ್ಗೆ ಟ್ರೈನ್ ಹತ್ತಿ ಊರಿಗೆ ಹೋದೆ.

ಚಿಕ್ಕಜ್ಜಿ ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸ್ತಿದ್ದಳು. ಹೆಡ್‌ಫೋನ್ ಹಾಕಿದರೆ ಮೊದಲು ನಕ್ಕಳು. ಕಲ್ಲಿನ ಶಬ್ದ ಶುರುವಾಯ್ತು. ಸ್ವಲ್ಪ ಹೊತ್ತು ಕೇಳಿ, ‘ಇದೇನ್ಲಾ, ಬರೀ ಕಲ್ಲು ತಿರುಗ್ತಾ ಅದೆ. ರಾಗಿ ಹಾಕೇ ಇಲ್ವಲ್ಲ’ ಅಂದಳು. ಮೂರು ವಾರ ಗುಂಡಿ ತಿರುಗಿಸಿದ್ದೆ, ಅದು ಹೊಳೆದಿರಲಿಲ್ಲ. ಕಾಳು ಬಿದ್ದಾಗ ಕಲ್ಲಿನ ದನಿ ಮೆತ್ತಗಾಗುತ್ತಂತೆ, ಅರೆದಷ್ಟೂ ಬದಲಾಗ್ತಾ ಹೋಗುತ್ತಂತೆ.

ಆಮೇಲೆ ಅವಳ ದನಿ ಬಂತು. ನಗು ನಿಂತಿತು. ಲೂಪ್ ಒಂದು ಸಲ, ಎರಡು ಸಲ, ಮೂರು ಸಲ ತಿರುಗಿತು. ಹೆಡ್‌ಫೋನ್ ತೆಗೆದಳು.

‘ಪದ ಮುಗಿಸ್ಲೇ ಇಲ್ವಲ್ಲ ಮಗ?’

ಬೀಸೋ ಪದ ತ್ರಿಪದಿ. ಮೂರು ಸಾಲು. ನಾಲ್ಕು ಬಾರಿಗೆ ಹೊಂದಿದ್ದು ಮೊದಲ ಎರಡೇ, ಮೂರನೆಯದನ್ನ ನಾನು ಕತ್ತರಿಸಿ ಬಿಸಾಡಿದ್ದೆ. ಮೊದಲ ಎರಡು ಸಾಲಿನಲ್ಲಿ ಗೌರಿ ಹಬ್ಬಕ್ಕೆ ಕರೆಯೋಕೆ ಬಾರದ ಅಣ್ಣನ ಮೇಲೆ ತಂಗಿಯ ದೂರು. ಮೂರನೆಯದರಲ್ಲಿ, ಬಾರದಿದ್ರೂ ಪರವಾಗಿಲ್ಲ, ತವರುಮನೆ ತಣ್ಣಗಿರಲಿ ಅಂತ ಹರಕೆ. ಅರ್ಥ ಇರೋದೇ ಆ ಮೂರನೇ ಸಾಲಿನಲ್ಲಿ.

‘ನಮ್ಮಣ್ಣ ಹೋಗಿ ಹನ್ನೊಂದು ವರ್ಷ ಆಯ್ತು. ಸತ್ತೋನ ಮೇಲೆ ನನ್ನ ಬಾಯಲ್ಲಿ ದೂರು ಹೇಳಿಸ್ತಾನೇ ಅದೀಯಲ್ಲೋ ನೀನು’ ಅಂದಳು. ಸಿಟ್ಟಿನಲ್ಲಿ ಅಲ್ಲ. ಅವರೆಕಾಯಿ ಬಿಡಿಸ್ತಾನೇ ಅಂದಳು. ನನಗೆ ತಲೆ ಎತ್ತೋಕೆ ಆಗಲಿಲ್ಲ. ಮರ್ಯಾದೆಗೆ ಕುಂದು, ತಿರುಚೋದು ಅಂತ ಕಾಯ್ದೆಯಲ್ಲಿ ಓದಿದ್ದು ಏನು ಅಂತ ಜಗಲಿ ಮೇಲೆ ಅರ್ಥವಾಯ್ತು.

ಜಾಹೀರಾತಿನ ವಿಷಯ ಹೇಳಿದೆ, ದುಡ್ಡಿನ ವಿಷಯವನ್ನೂ ಹೇಳಿದೆ. ‘ಬಿಸ್ಕತ್ತು ಮಾರಕ್ಕೆ ಈ ಪದ ಬ್ಯಾಡ ಕಣಪ್ಪ. ಬೇಕಾದ್ರೆ ಬೇರೆದು ಹೇಳ್ತೀನಿ, ಪೂರ್ತಿ ಇಸ್ಕೊ’ ಅಂದಳು. ಮಧ್ಯಾಹ್ನ ಹಿತ್ತಲಿನ ಕಲ್ಲು ತೊಳೆದು, ಒಂದು ಪಾವು ರಾಗಿ ಹಾಕಿಕೊಂಡು ಕೂತಳು. ಈ ಸಲ ಬಟನ್ ಒತ್ತೋ ಮೊದಲು ಎಲ್ಲ ಹೇಳಿದೆ: ಏನು ಮಾಡ್ತೀನಿ, ಯಾರು ಕೇಳ್ತಾರೆ, ದುಡ್ಡು ಬಂದರೆ ಅರ್ಧ ನಿನ್ನದು. ‘ನನ್ ಹೆಸರು ಹಾಕ್ತೀಯಾ?’ ಅನ್ನೋದೊಂದೇ ಅವಳ ಪ್ರಶ್ನೆ.

ಬಿಸ್ಕತ್ತಿನವರು ಅಷ್ಟು ದಿನ ಕಾಯಲಿಲ್ಲ. ಬೇರೆ ಯಾವುದೋ ರೆಡಿಮೇಡ್ ಲೂಪ್ ಹಾಕಿಕೊಂಡರು. 15 ಸಾವಿರ ಹೋಯ್ತು. ‘ನೀನು ಸಿಕ್ಕಾಪಟ್ಟೆ ಯೋಚನೆ ಮಾಡ್ತೀಯಪ್ಪ’ ಅಂದ ಗೆಳೆಯ. ಇರಬಹುದು. ದುಡ್ಡು ಹೋಗಿದ್ದಕ್ಕೆ ಬೇಜಾರಾಗಲಿಲ್ಲ ಅಂದ್ರೆ ಸುಳ್ಳಾಗುತ್ತೆ.

ನೀವೂ ಫೋನಿನಲ್ಲಿ ಸಂಗೀತ ಮಾಡೋಕೆ ಹೊರಟಿದ್ರೆ, ನಾನು ಎಡವಿ ಕಲಿತ ನಾಲ್ಕು ಮಾತು. ರೆಡಿಮೇಡ್ ಲೂಪ್‌ಗಳ ಮೇಲೆ ‘ರಾಯಲ್ಟಿ ಫ್ರೀ’ ಅಂತಿದ್ರೆ ಪುಕ್ಕಟೆ ಅಂತಲ್ಲ, ಬಳಸಿದಾಗಲೆಲ್ಲ ರಾಯಲ್ಟಿ ಕಟ್ಟೋದು ಬೇಡ ಅಂತ ಅಷ್ಟೇ, ಷರತ್ತು ಓದಿ. ಫ್ರೀಸೌಂಡ್ ಥರದ ತಾಣದಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಇರುತ್ತೆ. ಕೆಲವಕ್ಕೆ ಹೆಸರು ಹಾಕಲೇಬೇಕು, ಕೆಲವನ್ನ ದುಡ್ಡಿನ ಕೆಲಸಕ್ಕೆ ಬಳಸೋ ಹಾಗಿಲ್ಲ. ಸಿನಿಮಾ ಹಾಡಿನ ತುಣುಕಾದ್ರೆ ಹಾಡಿನ ರಚನೆಗೆ ಒಂದು, ಮುದ್ರಣಕ್ಕೆ ಒಂದು, ಎರಡು ಅನುಮತಿ ಬೇಕು. ಮನೆಯವರದ್ದೋ ಊರಿನವರದ್ದೋ ದನಿಯಾದ್ರೆ ಪೂರ್ತಿ ರೆಕಾರ್ಡ್ ಮಾಡಿ, ಹೊರಗೆ ಬಿಡೋ ಮೊದಲು ಅವರಿಗೇ ಕೇಳಿಸಿ. ಬೇಡ ಅನ್ನೋಕೆ ಅವರಿಗೊಂದು ಅವಕಾಶ ಇರಲಿ.

ಹೊಸ ಟ್ರ್ಯಾಕ್ ಇನ್ನೂ ಮುಗಿದಿಲ್ಲ. ನಿಜವಾದ ಕಲ್ಲಿನ ಶಬ್ದ ಕೇಳ್ತಾ, ಸಿಂಥ್‌ನಲ್ಲಿ ರಾಗಿ ‘ಹಾಕೋದು’ ಹೇಗೆ ಅಂತ ಗುಂಡಿ ತಿರುಗಿಸ್ತಾ ಇದೀನಿ. ಹೊಸ ಪದವೂ ನಾಲ್ಕು ಬಾರಿಗೆ ಹೊಂದಲಿಲ್ಲ. ಕತ್ತರಿಸೋ ಬದಲು ಬೀಟನ್ನೇ ಆರು ಬಾರಿಗೆ ಎಳೆದೆ. ಈಗ 18 ಸೆಕೆಂಡ್ ಬರುತ್ತೆ, ಮೂರು ಸಾಲೂ ಇದೆ. ಹಳೇ ಲೂಪ್ ಅಳಿಸಿದ್ದೇನೆ. ಹೊಸ ಫೈಲಿಗೆ ಚಿಕ್ಕಜ್ಜಿಯ ಹೆಸರಿಟ್ಟಿದ್ದೇನೆ. ದೀಪಾವಳಿಗೆ ಊರಿಗೆ ಹೋದಾಗ ಕೇಳಿಸಬೇಕು, ಕಲ್ಲಿನ ಬಗ್ಗೆ ಏನಂತಾಳೋ ನೋಡೋಣ.